ಕರಡಿಮರಿಗೆ ದಾನಿಯ ಹೆಸರು: ನಾಮಕರಣವನ್ನು ಕುರಿತ ಕೆಲವು ವಿಚಾರಗಳು

ಕಾಡಿನಲ್ಲಿ ಹುಟ್ಟಿದ ಕರಡಿಮರಿಗಳಿಗೆ, ಕರಡಿಗಳ ಅಧ್ಯಯನಕ್ಕೆ ನೆರವಾದವರ ಹೆಸರುಗಳನ್ನು ಇಡುವ ರೂಢಿಯೊಂದು ಹೊರದೇಶಗಳಲ್ಲಿ ಬೆಳೆದುಬಂದಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಈಲಿ ಎಂಬ ಪಟ್ಟಣದ ಸುತ್ತಣ ಕಾಡುಗಳಲ್ಲಿ ಲಿನ್ ರಾಜರ್ಸ್ ಎಂಬ ವಿಜ್ಞಾನಿ ದಶಕಗಳ ಕಾಲ ಕಪ್ಪು ಕರಡಿಗಳ ಜೊತೆಯಲ್ಲಿಯೇ ನಡೆದಾಡಿ ಅಧ್ಯಯನ ಮಾಡಿದವರು. ಅವರ ಕರಡಿಗಳಿಗೆ ಹೆಸರುಗಳಿದ್ದವು. 2010ರ ಜನವರಿಯಲ್ಲಿ ಲಿಲಿ ಎಂಬ ಕರಡಿ ಗುಹೆಯೊಳಗೆ ಮರಿಹಾಕಿದ್ದನ್ನು ಕ್ಯಾಮೆರಾ ಮೂಲಕ ಲೋಕವೇ ನೋಡಿತು. ಆ ಮರಿಗೆ ‘ಹೋಪ್’, ಅಂದರೆ ಭರವಸೆ, ಎಂಬ ಹೆಸರಾಯಿತು. 2011ರ ಸೆಪ್ಟೆಂಬರಿನಲ್ಲಿ, ಬೇಟೆಗೆ ಕಾನೂನಿನ ಸಮ್ಮತಿ ಇರುವ ಋತುವಿನಲ್ಲಿ, ಹೋಪ್ ಬೇಟೆಗಾರನೊಬ್ಬನ ಕೈಯಲ್ಲಿ ಸತ್ತಿತು. ಅದನ್ನು ಎಂದೂ ಮುಟ್ಟಿ ನೋಡದ ಸಾವಿರಾರು ಜನ ಅತ್ತರು. 2013ರಲ್ಲಿ ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ರಾಜರ್ಸ್ ಅವರಿಗೆ ಕರಡಿಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಲು ನೀಡಿದ್ದ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ಆ ವ್ಯಾಜ್ಯದ ಸರಿತಪ್ಪುಗಳು ಪ್ರಾಣಿವಿಜ್ಞಾನಿಗಳಿಗೆ ಬಿಟ್ಟದ್ದು. ಆದರೆ ಕಾಡಿನ ಮೃಗಕ್ಕೆ ಹೆಸರಿಡುವುದು, ಅದರಲ್ಲಿಯೂ ದಾನಿಯ ಹೆಸರಿಡುವುದು, ಭಾಷೆಗೆ ಸಂಬಂಧಿಸಿದ ಕ್ರಿಯೆ. ನಾಮವಿಜ್ಞಾನವನ್ನು ಪಠ್ಯವಾಗಿ ಇರಿಸಿಕೊಂಡಿರುವ ಕನ್ನಡ ವಿಭಾಗಗಳು ಇದನ್ನು ತಮಗೆ ಸಂಬಂಧಿಸದ ವಿಷಯವೆಂದು ಬದಿಗಿರಿಸುವಂತಿಲ್ಲ.

ನಮ್ಮ ಬೆಳಗಾವಿ ಸೀಮೆಯಲ್ಲಿ ಈ ವ್ಯವಹಾರ ಬಹುಮಟ್ಟಿಗೆ ಹಿಮ್ಮುಖವಾಗಿ ನಡೆದಿದೆ. ಇಲ್ಲಿ ಮನುಷ್ಯರ ಹೆಸರು ಕರಡಿಗೆ ಹೋಗಲಿಲ್ಲ. ಕರಡಿಯ ಹೆಸರು ಮನುಷ್ಯರ ಕಡೆಗೆ ಬಂತು. ಬೆಳಗಾವಿ ತಾಲೂಕಿನಲ್ಲಿ ಕರಡಿಗುದ್ದಿ ಎಂಬ ಊರಿದೆ. ಗುದ್ದು ಎಂದರೆ ಬಿಲ, ಪೊಟರೆ ಎಂಬ ಅರ್ಥ ಕನ್ನಡದಲ್ಲಿ ಉಂಟು. ಆದ್ದರಿಂದ ಕರಡಿಯ ಬಿಲವಿದ್ದ ಸ್ಥಳವೆಂದು ಅರ್ಥಮಾಡುವುದು ನನಗೆ ಸಹಜವಾಗಿ ತೋರುತ್ತದೆ. ಗುಡ್ಡ ಎಂಬುದರ ರೂಪಾಂತರವೆಂದು ವಾದಿಸುವವರಿಗೂ ಅವಕಾಶವಿದೆ. ಇಳಕಲ್ಲಿನ ಸಮೀಪ ಕರಡಿ ಎಂಬ ಹೆಸರಿನ ಊರೇ ಇದೆ. ಉತ್ತರ ಕರ್ನಾಟಕದಲ್ಲಿ ಕರಡಿ ಎಂಬುದು ಮನೆತನದ ಅಡ್ಡಹೆಸರೂ ಹೌದು. ಇನ್ನು ಕರಡಿ ಮಜಲು. ಮೆರವಣಿಗೆಯ ಮುಂದೆ ಈ ವಾದ್ಯ ಮೊಳಗುವಾಗ ಅದರ ಗುಟುರನ್ನು ಕೇಳಿದವರು ಹೆಸರಿಗೆ ಬೇರೆ ನಿಷ್ಪತ್ತಿ ಕೇಳುವುದಿಲ್ಲ. ಕರಡಿಯಂತೆ ಗುರುಗುಟ್ಟುವುದರಿಂದ ಕರಡಿ. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಕರಡೆ’ ಎಂಬ ಚರ್ಮವಾದ್ಯದ ಹೆಸರೇ ಇಲ್ಲಿ ಕರಡಿಯಾಗಿದೆ ಎಂದು ವಿದ್ವಾಂಸರು ಹೇಳಬಹುದು, ಅದೇ ಸರಿಯೂ ಇರಬಹುದು. ಆದರೆ ಜನ ವಾದ್ಯದೊಳಗೆ ಮೃಗವನ್ನು ಕೇಳಿದರು ಎಂಬುದು ನಿಷ್ಪತ್ತಿಗಿಂತ ಕಡಿಮೆ ಮಹತ್ವದ ಸಂಗತಿಯಲ್ಲ. ಹೆಸರುಗಳು ಹೀಗೆ ವಸ್ತುವಿನಿಂದ ವಸ್ತುವಿಗೆ ಸರಿಯುತ್ತವೆ. ಗೋಕಾಕ ಎಂಬ ಊರ ಹೆಸರು ವಿನಾಯಕ ಕೃಷ್ಣ ಗೋಕಾಕರ ಮನೆತನದ ಹೆಸರಾಗಿ, ಅವರ ಮೂಲಕ ಒಂದು ವರದಿಯ ಹೆಸರಾಗಿ, 1980ರ ದಶಕದ ಆರಂಭದಲ್ಲಿ ಚಳವಳಿಯ ಹೆಸರಾದದ್ದನ್ನು ನಾವೇ ಕಂಡಿದ್ದೇವೆ. ಆ ಚಳವಳಿಯಲ್ಲಿ ಘೋಷಣೆ ಕೂಗಿದ ಬಹುಪಾಲು ಜನ ಗೋಕಾಕದ ಜಲಪಾತವನ್ನು ನೋಡಿದವರಲ್ಲ.

ದಾನಿಯ ಹೆಸರಿಡುವುದು ಪಾಶ್ಚಾತ್ಯರ ಚಪಲವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸತ್ಯಕ್ಕೆ ದೂರ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೆನೆಯಬೇಕು. ರಾಣಿ ಲೋಕಮಹಾದೇವಿ ಕಟ್ಟಿಸಿದ ಕಾರಣ ಅದು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ, ತ್ರೈಲೋಕ್ಯಮಹಾದೇವಿಯಿಂದಾಗಿ ತ್ರೈಲೋಕ್ಯೇಶ್ವರ. ಸಂಗಮೇಶ್ವರವು ದೊರೆ ವಿಜಯಾದಿತ್ಯನಿಂದಾಗಿ ವಿಜಯೇಶ್ವರ. ದೇವರಿಗೇ ದಾನಿಯ ಹೆಸರಿಟ್ಟ ನಾಡು ಇದು. ಕರಡಿಮರಿ ಯಾವ ಲೆಕ್ಕ! ನಮ್ಮ ಜಿಲ್ಲೆಯಲ್ಲಿಯೇ ಗಿಲಗಂಚಿ ಅರಟಾಳ ಪ್ರೌಢಶಾಲೆ, ಲಿಂಗರಾಜ ಮಹಾವಿದ್ಯಾಲಯ, ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯಗಳು ದಾನಿಗಳ ಹೆಸರನ್ನು ಹೊತ್ತು ನಿಂತಿವೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿನ ಅಧಿಕೃತ ಹೆಸರು ರಾಜಾ ಲಖಮಗೌಡ ಜಲಾಶಯ. ವಂಟಮುರಿಯ ದೇಸಗತಿಯ ಆ ದೊಡ್ಡ ದಾನಿಯ ನೆನಪಿಗೆ. ಆದರೆ ಕಾಲುವೆಯ ನೀರು ಯಾವಾಗ ಬರುತ್ತದೆಂದು ಕಾಯುವ ರೈತ ಕೇಳುವುದು ‘ಹಿಡಕಲ್ ಡ್ಯಾಮಿನ್ಯಾಗ ನೀರು ಎಷ್ಟೈತಿ’ ಎಂದೇ. ಲೋಕೇಶ್ವರ ವಿರೂಪಾಕ್ಷನಾದಂತೆ, ಜಲಾಶಯವೂ ಜನರ ಬಾಯಲ್ಲಿ ತನ್ನ ನೆಲದ ಹೆಸರಿಗೆ ಮರಳಿದೆ. ದಾನಿಯ ಹೆಸರು ಶಾಸನದಲ್ಲಿ ಉಳಿಯುತ್ತದೆ, ಬಳಕೆಯಲ್ಲಿ ಕರಗುತ್ತದೆ. ಇದು ದಾನಿಗೆ ಅವಮಾನವಲ್ಲ. ಕಟ್ಟಿದ ವಸ್ತುವಿಗೂ ಕಟ್ಟಿದವನಿಗೂ ಇರುವ ನಿಜವಾದ ಸಂಬಂಧವನ್ನು ಶಾಸನ ದಾಖಲಿಸಿದೆ, ಅಷ್ಟು ಸಾಕು.

ಕರಡಿಮರಿಯ ವಿಷಯದಲ್ಲಿ ತೊಡಕು ಇಲ್ಲಿಯೇ ಹುಟ್ಟುತ್ತದೆ. ಗುಡಿಯನ್ನು ರಾಣಿ ಕಟ್ಟಿಸಿದಳು. ಶಾಲೆಗೆ ದಾನಿ ಹಣ ಕೊಟ್ಟ. ಮರಿಯನ್ನು ಮಾತ್ರ ಅದರ ತಾಯಿಯಲ್ಲದೆ ಬೇರಾರೂ ಹೆತ್ತು ಸಾಕಲಿಲ್ಲ. ದಾನಿ ಕೊಟ್ಟದ್ದು ಸಂಶೋಧನೆಗೆ: ಕ್ಯಾಮೆರಾಕ್ಕೆ, ಜೀಪಿನ ಡೀಸೆಲ್ಲಿಗೆ, ಸಂಶೋಧಕರ ವೇತನಕ್ಕೆ. ಆ ಹಣದಿಂದ ಹುಟ್ಟಿದ್ದು ಪ್ರಬಂಧವೇ ಹೊರತು ಕರಡಿಯಲ್ಲ. ಹೆಸರನ್ನು ಪ್ರಬಂಧಕ್ಕೆ ಇಡಬಹುದಾದಲ್ಲಿ ಕರಡಿಗೆ ಇಡುವುದು, ಲೆಕ್ಕವನ್ನು ತಪ್ಪು ಖಾತೆಗೆ ಜಮಾ ಮಾಡಿದಂತೆ.

ಕನ್ನಡದ ಪರಂಪರೆಯಲ್ಲಿ ಪ್ರಾಣಿಗಳ ಹೆಸರುಗಳಿಗೆ ಬಡತನವಿಲ್ಲ. ಕ್ರಿ.ಶ. 949ರ ಆತಕೂರು ಶಾಸನದಲ್ಲಿ ಮಣಲೇರನ ನಾಯಿ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತ ಸಂಗತಿ ಇದೆ. ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿಗೆ ಹೆಸರಿದೆ, ಹಂದಿಗಿಲ್ಲ. ಕರೆದರೆ ಬರುವ ಪ್ರಾಣಿಗೆ ಹೆಸರು, ಕಾಡಿನದಕ್ಕೆ ಬರಿಯ ಜಾತಿವಾಚಕ ಎಂಬ ವಿಭಾಗಕ್ರಮವನ್ನು ಇದರಲ್ಲಿ ಗುರುತಿಸಬಹುದು. ಆದರೆ ಅದೂ ಪೂರ್ಣ ಸತ್ಯವಲ್ಲ. ಗೋವಿನ ಹಾಡಿನಲ್ಲಿ ಹಸುವಿಗೆ ಪುಣ್ಯಕೋಟಿ ಎಂಬ ಹೆಸರಿರುವಂತೆ ಹುಲಿಗೂ ಅರ್ಬುತ ಎಂಬ ಹೆಸರಿದೆ. ಹುಲಿ ಮಾತಿಗೆ ಪ್ರತಿಮಾತು ಕೊಡುವ, ಕೊನೆಗೆ ತನ್ನ ಕೃತ್ಯಕ್ಕೆ ತಾನೇ ಉತ್ತರ ಕೊಡುವ ಪಾತ್ರವಾಗಬೇಕಾದಾಗ ಕವಿ ಅದಕ್ಕೆ ಹೆಸರು ಕೊಟ್ಟ. ಆ ಹೆಸರು ಯಾವ ಪಾಳೆಯಗಾರನದೂ ಅಲ್ಲ.

ಇನ್ನು ಕರಡಿಯ ಮರಿ. ನಮ್ಮ ಓದುಗರಲ್ಲಿ ಅನೇಕರು ಪ್ರತಿವರ್ಷ ಒಂದು ಕರಡಿಮರಿಯ ಹೆಸರನ್ನು ಉಚ್ಚರಿಸುತ್ತಾರೆ, ಉಚ್ಚರಿಸುತ್ತಿದ್ದೇವೆ ಎಂಬ ಅರಿವಿಲ್ಲದೆ. ಗಣೇಶ ಚೌತಿಯ ದಿನ ಚಂದ್ರನನ್ನು ನೋಡಿದರೆ ಬರುವ ಅಪವಾದದ ಪರಿಹಾರಕ್ಕೆ ಮನೆಗಳಲ್ಲಿ ಹೇಳುವ ಶ್ಲೋಕ ವಿಷ್ಣುಪುರಾಣದ ಶಮಂತಕೋಪಾಖ್ಯಾನದ್ದು. ಪ್ರಸೇನನನ್ನು ಸಿಂಹ ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ, ಮಣಿ ಈಗ ನಿನ್ನದು, ಅಳಬೇಡ ಎಂದು ಗುಹೆಯೊಳಗೆ ದಾದಿ ಕರಡಿಯ ಕೂಸನ್ನು ಸಂತೈಸುವ ಜೋಗುಳ ಅದು. ಆ ಕೂಸನ್ನು ಆಕೆ ಕರೆಯುವುದು ಸುಕುಮಾರಕ ಎಂದು. ಅದನ್ನು ಅಂಕಿತನಾಮವೆಂದಾದರೂ ತಿಳಿಯಬಹುದು, ‘ಎಳೆಯ ಮಗುವೇ’ ಎಂಬ ಮುದ್ದಿನ ಸಂಬೋಧನೆಯೆಂದಾದರೂ ತಿಳಿಯಬಹುದು. ಲೋಕವೆಲ್ಲ ಬಯಸಿದ, ಕೃಷ್ಣನ ಮೇಲೆ ಕಳ್ಳತನದ ಆರೋಪ ತಂದ ರತ್ನ ಆ ಮರಿಗೆ ಬರಿಯ ಆಟಿಕೆ. ಗುಹೆಯ ಬಾಗಿಲಲ್ಲಿ ನಿಂತ ಕೃಷ್ಣನಿಗೆ ಕಳೆದ ಮಣಿಯ ಸುಳಿವು ಸಿಕ್ಕಿದ್ದು ಈ ಜೋಗುಳದಿಂದ. ಆ ಮಣಿಯೊಂದಿಗೆ ಜಾಂಬವತಿ ಬಂದಳು; ಮಣಿ ಹಿಂತಿರುಗಿದ ಮೇಲೆ ಸತ್ರಾಜಿತ ತನ್ನ ಮಗಳು ಸತ್ಯಭಾಮೆಯನ್ನು ಕೊಟ್ಟ. ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನವರು ರಂಗಕ್ಕೆ ತಂದ ಶ್ರೀಕೃಷ್ಣ ಪಾರಿಜಾತದಲ್ಲಿ ರಾತ್ರಿಯಿಡೀ ಮುನಿದು ಕೂಡುವ ಸತ್ಯಭಾಮೆ, ಹಾಗೆ ನೋಡಿದರೆ, ಕರಡಿಯ ಗುಹೆಯ ಪ್ರಸಂಗದಿಂದಲೇ ಆ ಮನೆಗೆ ಬಂದವಳು. ಪಾರಿಜಾತದ ಆಟಗಳಲ್ಲಿ ಜಾಂಬವತಿಗೆ ಏಕೆ ಜಾಗವಿಲ್ಲವೆಂಬುದು ಬೇರೆಯೇ ಲೇಖನಕ್ಕೆ ತಕ್ಕ ಪ್ರಶ್ನೆ. ವಿಜಯನಗರದ ಕೃಷ್ಣದೇವರಾಯ ಸಂಸ್ಕೃತದಲ್ಲಿ ‘ಜಾಂಬವತೀ ಕಲ್ಯಾಣ’ ಬರೆದದ್ದು ಮಾತ್ರ, ಇಂದಿಗೂ ಕರಡಿಗಳು ಓಡಾಡುವ ಬಂಡೆಗಳ ನಾಡಿನಲ್ಲಿ. ಆದಿಜಾಂಬವನನ್ನು ತಮ್ಮ ಮೂಲಪುರುಷನೆಂದು ಹೇಳುವ ಸಮುದಾಯದ ಪುರಾಣವೂ ನಮ್ಮ ನಡುವೆ ಜೀವಂತವಾಗಿದೆ. ಇಷ್ಟೆಲ್ಲ ಸ್ಮೃತಿ ಇರುವ ಭಾಷೆಯಲ್ಲಿ ಕರಡಿಮರಿಗೆ ಹೆಸರಿಲ್ಲವೆಂದು ದಾನಿಗಳ ಪಟ್ಟಿ ತೆರೆಯುವುದು ವಿಚಿತ್ರ.

ಹೆಸರು ತಪ್ಪಿದರೆ ಎಷ್ಟು ಕಾಲ ತಪ್ಪಾಗಿಯೇ ಉಳಿಯುತ್ತದೆ ಎಂಬುದಕ್ಕೂ ಕರಡಿಯೇ ಸಾಕ್ಷಿ. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ವಿದ್ವಾಂಸ ನಮ್ಮ ಕರಡಿಯ ಉದ್ದ ಉಗುರುಗಳನ್ನೂ ಮೇಲಿನ ಮುಂಬಲ್ಲುಗಳೆರಡು ಇಲ್ಲದಿರುವುದನ್ನೂ ಕಂಡು, ಇದು ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತುಬೀಳುವ ಸ್ಲಾತ್ ಎಂಬ ಜಡಪ್ರಾಣಿಯ ಬಂಧುವೆಂದು ಬಗೆದು ಹೆಸರಿಟ್ಟ. ತಪ್ಪು ತಿಳಿದ ಮೇಲೂ ಇಂಗ್ಲಿಷಿನಲ್ಲಿ ಅದು ‘ಸ್ಲಾತ್ ಬೇರ್’ ಆಗಿಯೇ ಉಳಿಯಿತು. ಗೆದ್ದಲಹುತ್ತವನ್ನು ಒಡೆದು ಹುಳುಗಳನ್ನು ಹೀರಲು ಆ ಹಲ್ಲಿನ ಸಂದು ಅನುಕೂಲ ಎಂಬುದನ್ನು ಕಾಡಂಚಿನಲ್ಲಿ ಕುರಿ ಮೇಯಿಸುವವರು, ದೂರದಿಂದ ಆ ಹೀರುವ ಸದ್ದನ್ನು ಕೇಳಿಯೇ, ಬಲ್ಲರು. ಸೋಮಾರಿ ಎಂಬ ಹೆಸರನ್ನು ಅವರಾರೂ ಕರಡಿಗೆ ಇಡಲಾರರು. ಖಾನಾಪುರದ ಕಡೆ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಸುತ್ತ, ಅದರ ವೇಗ ಎಷ್ಟೆಂಬುದು ಗಾಯಗೊಂಡವರ ಮುಖದ ಮೇಲೆ ಬರೆದಿದೆ.

ಹೆಸರಿಡುವುದೇ ಪ್ರೀತಿ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ನಮ್ಮ ಬಾಲ್ಯದಲ್ಲಿ ಊರಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಮೂಗಿಗೆ ಹಗ್ಗ, ಕೊರಳಿಗೆ ಗೆಜ್ಜೆ. ಜ್ವರ ಬಂದ ಮಕ್ಕಳನ್ನು ಅದರ ಬೆನ್ನಮೇಲೆ ಕೂರಿಸಿ, ಒಂದೆಳೆ ಕೂದಲನ್ನು ತಾಯಿತದಲ್ಲಿ ಕಟ್ಟುತ್ತಿದ್ದರು. ಆ ಕರಡಿಗಳಿಗೆಲ್ಲ ಹೆಸರುಗಳಿದ್ದವು, ರಾಜು, ರಾಣಿ, ಮುನ್ನಿ ಎಂಬಂಥವು. ಭಾರತದ ಕೊನೆಯ ಕುಣಿಯುವ ಕರಡಿಯೆಂದು ಪ್ರಸಿದ್ಧವಾದ ರಾಜುವನ್ನು 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಲಾಯಿತು. ಮೂಗುದಾರ ಹಾಕಿದ ಕೈಯೇ ಹೆಸರನ್ನೂ ಇಟ್ಟಿತ್ತು. ಕರಡಿ ಕುಣಿಸುವವರು ಕಡುಬಡವರು; ಅವರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಹೆಸರು ಮತ್ತು ಒಡೆತನ ಅಕ್ಕಪಕ್ಕದಲ್ಲಿಯೇ ನಡೆಯುತ್ತವೆ ಎಂಬುದಷ್ಟೇ ಇಲ್ಲಿ ಮುಖ್ಯ.

ಈ ವಾದಕ್ಕೆ ಬಲವಾದ ಎದುರುವಾದ ಇದೆ. ಜೇನ್ ಗುಡಾಲ್ (1934–2025) 1960ರಲ್ಲಿ ಗೊಂಬೆ ಕಾಡಿನಲ್ಲಿ ಚಿಂಪಾಂಜಿಗಳಿಗೆ ಡೇವಿಡ್ ಗ್ರೇಬಿಯರ್ಡ್ ಮೊದಲಾದ ಹೆಸರುಗಳನ್ನಿಟ್ಟಾಗ, ಸಂಖ್ಯೆ ಕೊಡಬೇಕಾಗಿತ್ತೆಂದು ಕೇಂಬ್ರಿಡ್ಜಿನ ವಿದ್ವಾಂಸರು ಆಕ್ಷೇಪಿಸಿದರು. ಕಾಲ ಗುಡಾಲರ ಪಕ್ಷವನ್ನು ವಹಿಸಿತು. ಪ್ರತಿಯೊಂದು ಪ್ರಾಣಿಗೂ ಸ್ವಭಾವ, ಬಂಧುತ್ವ, ಚರಿತ್ರೆ ಇದೆ ಎಂಬುದನ್ನು ಹೆಸರುಗಳೇ ಕಾಣಿಸಿದವು. ನಮ್ಮ ನಾಡಿನಲ್ಲಿ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಮಡಿದ ದಸರಾ ಆನೆ ಅರ್ಜುನನಿಗಾಗಿ ನಾಡೇ ಮರುಗಿತು. ಅಂದು ಅರ್ಜುನನನ್ನು ಕೆಡವಿದ ಕಾಡಾನೆಯ ಗತಿ ಏನಾಯಿತೆಂದು ಕೇಳಿದವರು ವಿರಳ. 2025ರ ನವೆಂಬರಿನಲ್ಲಿ ಬೆಳಗಾವಿಯಿಂದ ಹುಕ್ಕೇರಿಯ ಕಡೆಗೆ ಬರುವ ಹೆದ್ದಾರಿಯ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಗಳಲೆ ರೋಗದಿಂದ 31 ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸತ್ತವು. ನಾವು ಓದಿದ್ದು ಒಂದು ಸಂಖ್ಯೆಯನ್ನು. ಅವುಗಳಿಗೂ ಹೆಸರುಗಳು ಪ್ರಚಾರದಲ್ಲಿದ್ದಿದ್ದರೆ ಆ ಸುದ್ದಿ ಇನ್ನೂ ಕೆಲವು ದಿನ ಉಳಿಯುತ್ತಿತ್ತೇನೊ. ಹೆಸರು ಮನುಷ್ಯರ ಕರುಳನ್ನು ತಟ್ಟುತ್ತದೆ, ಅದರಿಂದ ಹಣವೂ ಬರುತ್ತದೆ, ಆ ಹಣದಿಂದ ಕಾಡು ಉಳಿಯುತ್ತದೆ ಎಂಬ ಮಾತನ್ನು ಅಲ್ಲಗಳೆಯಲಾರೆ.

ಆದ್ದರಿಂದ ಹೆಸರು ಬೇಡವೆಂಬುದು ನನ್ನ ವಾದವಲ್ಲ. ಯಾರ ಹೆಸರು, ಯಾರ ಭಾಷೆಯಲ್ಲಿ ಎಂಬುದು ಪ್ರಶ್ನೆ. ರುವಾಂಡಾ ದೇಶದಲ್ಲಿ 2005ರಿಂದ ಪ್ರತಿವರ್ಷ ಗೊರಿಲ್ಲ ಮರಿಗಳಿಗೆ ‘ಕ್ವಿಟಾ ಇಝಿನಾ’ ಎಂಬ ನಾಮಕರಣೋತ್ಸವ ನಡೆಯುತ್ತದೆ. ಹೆಸರಿಡಲು ಬರುವ ಅತಿಥಿಗಳಲ್ಲಿ ದಾನಿಗಳೂ ಗಣ್ಯರೂ ಇರುತ್ತಾರೆ. ಆದರೆ ಇಡುವ ಹೆಸರು ಕಿನ್ಯರುವಾಂಡ ಭಾಷೆಯದು, ಉತ್ಸವದ ಕ್ರಮ ಆ ಜನ ತಮ್ಮ ಮಕ್ಕಳಿಗೆ ಹೆಸರಿಡುವ ಸಂಪ್ರದಾಯದ್ದು. ದಾನಿಗೆ ಹೆಸರಿಡುವ ಗೌರವವಿದೆ, ತನ್ನ ಹೆಸರನ್ನು ಅಂಟಿಸುವ ಹಕ್ಕಿಲ್ಲ. ಗೌರವನಾಮಗಳು ತರುವ ರಗಳೆಗೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2024ರಲ್ಲಿ ಸಿಲಿಗುರಿಯ ಉದ್ಯಾನದ ಸಿಂಹಗಳಿಗೆ ಅಕ್ಬರ್, ಸೀತಾ ಎಂಬ ಹೆಸರುಗಳಿದ್ದ ಕಾರಣಕ್ಕೆ ವಿವಾದ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ನ್ಯಾಯಾಧೀಶರು ಬೇರೆ ಹೆಸರುಗಳನ್ನು ಯೋಚಿಸಿರೆಂದು ಹೇಳಬೇಕಾಯಿತು. ಸಿಂಹಗಳಿಗೆ ಆ ವ್ಯಾಜ್ಯದ ಗಂಧಗಾಳಿಯೂ ಇರಲಿಲ್ಲ.

ಕನ್ನಡದ್ದೇ ಒಂದು ಒಳ್ಳೆಯ ಮಾದರಿಯೂ ನಮ್ಮ ಮುಂದಿದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ತನ್ನ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುವ ಕಪ್ಪೆಯೊಂದನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದಾಗ ಅದರ ವೈಜ್ಞಾನಿಕ ನಾಮದಲ್ಲಿ ‘ಕುಂಬಾರ’ ಎಂಬ ಪದವನ್ನು ಸೇರಿಸಿದರು. ಒಂದು ಕಸುಬಿಗೆ ಗೌರವ, ಒಂದು ಪ್ರಾಣಿಯ ನಡತೆಗೆ ಕನ್ನಡಿ, ಎರಡೂ ಒಂದೇ ಪದದಲ್ಲಿ ಆದವು. ನಮ್ಮ ರೈತರು ಎತ್ತುಗಳಿಗೆ ಇಡುವ ಕೆಂದ್ಯಾ, ಮಾಸ್ಯಾ, ಕರಿಯಾ ಎಂಬ ಹೆಸರುಗಳ ತತ್ವವೂ ಇದೇ: ನೋಡು, ಆಮೇಲೆ ಕರೆ. ಪ್ರತಿಯೊಂದು ಕರಡಿಯ ಎದೆಯ ಮೇಲೆ ಬಿಳಿಯ ಪಟ್ಟೆಯೊಂದಿದೆ. ಅದರ ಬಾಗು, ಅಗಲ ಒಂದರಂತೆ ಇನ್ನೊಂದಕ್ಕಿಲ್ಲ. ತಾಯಿಯ ಬೆನ್ನೇರಿ ಹೋಗುವ ಎರಡು ಮರಿಗಳನ್ನು ಗುರುತಿಸಲು ಈ ಪಟ್ಟೆಗಿಂತ ಒಳ್ಳೆಯ ಆಧಾರ ಬೇಕೆ? 1994ರಲ್ಲಿ ಘೋಷಿತವಾದ ದರೋಜಿಯ ಕರಡಿಧಾಮದಲ್ಲಿ ಬಂಡೆಗಳ ಮೇಲೆ ಬೆಲ್ಲ ಕಲಸಿದ ತಿನಿಸನ್ನು ಹಚ್ಚಿ, ಸಂಜೆ ಕರಡಿಗಳು ಇಳಿದು ಬರುವುದನ್ನು ದಿನವೂ ನೋಡುವ ಕಾವಲುಗಾರರು ಇದ್ದಾರೆ. ಯಾವ ಕರಡಿ ಮೊದಲು ಬರುತ್ತದೆ, ಯಾವುದು ಹಿಂಜರಿಯುತ್ತದೆ ಎಂಬುದನ್ನು ಬಲ್ಲ ಅವರೇ ಕರಡಿ ಸಂಶೋಧನೆಯ ನಿಜವಾದ ಪೋಷಕರು. ಮರಿಯ ಹೆಸರು ಅವರ ಬಾಯಿಂದ ಬರಲಿ. ಹಣ ಕೊಟ್ಟವರ ಹೆಸರು ವರದಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಲಿ, ಯಾರಿಗೂ ಆಕ್ಷೇಪವಿಲ್ಲ.

ಪ್ರಾಣಿವಿಜ್ಞಾನಿಗಳಿಗೆ ಇಷ್ಟು ಬುದ್ಧಿ ಹೇಳುವ ನಾವು ನಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಬೇಕು. ಜಾನಪದ, ಸ್ಥಳನಾಮ, ಉಪಭಾಷೆಗಳನ್ನು ಕುರಿತ ನಮ್ಮ ಪಿಎಚ್.ಡಿ. ಪ್ರಬಂಧಗಳ ಕೃತಜ್ಞತಾ ಪುಟದಲ್ಲಿ ಮಾರ್ಗದರ್ಶಕರು, ಕುಲಪತಿಗಳು, ಕುಲಸಚಿವರು, ಮಠಾಧೀಶರು, ಬೆರಳಚ್ಚು ಮಾಡಿದವರು ಎಲ್ಲರೂ ಇರುತ್ತಾರೆ. ಹಾಡಿದವರು, ಕಥೆ ಹೇಳಿದವರು, ಊರಿನ ಹಳೆಯ ಹೆಸರನ್ನು ನೆನಪಿಸಿಕೊಟ್ಟವರು ‘ಅನೇಕ ವಕ್ತೃಗಳು’ ಎಂಬ ಒಂದು ಬಹುವಚನದಲ್ಲಿ ಮುಗಿಯುತ್ತಾರೆ. ನಾನೂ ಇದಕ್ಕೆ ಹೊರತಲ್ಲ. ಬಹಳ ವರ್ಷಗಳ ಹಿಂದೆ, ಪ್ರಾಣಿಸೂಚಕ ಸ್ಥಳನಾಮಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಗೋಕಾಕದ ಕಡೆಯ ಒಂದು ಕುರಿಹಟ್ಟಿಯಲ್ಲಿ ಇಡೀ ಮಧ್ಯಾಹ್ನ ಒಬ್ಬ ಹಿರಿಯರೊಂದಿಗೆ ಕುಳಿತಿದ್ದೆ. ಕತ್ತಲಾದ ಮೇಲೆ ಕರಡಿಯ ಹೆಸರೆತ್ತಬಾರದು, ‘ಅದು’ ಎನ್ನಬೇಕು, ಇಲ್ಲವೆ ‘ಕರಿಯಪ್ಪ’ ಎನ್ನಬೇಕು ಎಂದು ಅವರು ಹೇಳಿಕೊಟ್ಟರು. ರಷ್ಯನ್ ಮೊದಲಾದ ಭಾಷೆಗಳಲ್ಲಿ ಕರಡಿಯ ಮೂಲಹೆಸರನ್ನು ಅಂಜಿ ಬಿಟ್ಟು ‘ಜೇನುಣ್ಣುವವನು’ ಎಂಬರ್ಥದ ಪದ ಬಳಸುವುದನ್ನೂ, ಸಂಸ್ಕೃತದ ಋಕ್ಷ ಶಬ್ದದಲ್ಲಿ ಆ ಮೂಲಹೆಸರು ಉಳಿದುಬಂದಿರುವುದನ್ನೂ ನಾನು ಆಮೇಲೆ ಓದಿ, ಎರಡನ್ನೂ ಹೋಲಿಸಿ ಲೇಖನ ಬರೆದೆ. ಅದಕ್ಕೆ ಮೆಚ್ಚುಗೆಯೂ ಬಂತು. ಯುರೋಪಿನ ಭಾಷಾವಿಜ್ಞಾನಿಗಳ ಹೆಸರುಗಳೆಲ್ಲ ಅದರಲ್ಲಿದ್ದವು. ಆ ಹಿರಿಯರ ಹೆಸರಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಈ ವರ್ಷ ಹುಕ್ಕೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ದನಕರುಗಳ ಹೆಸರುಗಳನ್ನು ಸಂಗ್ರಹಿಸುತ್ತಿದ್ದಾಳೆ. ಅವಳು ತಂದ ಮೊದಲ ಕೋಷ್ಟಕದಲ್ಲಿ ಎತ್ತಿನ ಹೆಸರು, ಬಣ್ಣ, ಕೋಡಿನ ಬಗೆ, ಊರು ಎಂಬ ನಾಲ್ಕು ಅಂಕಣಗಳಿದ್ದವು. ಹೆಸರಿಟ್ಟವರು ಯಾರು ಎಂಬ ಐದನೆಯ ಅಂಕಣವನ್ನು ಸೇರಿಸಲು ಹೇಳಿದ್ದೇನೆ. ಎರಡನೆಯ ಸಲ ಬಂದಾಗ ಅವಳು ಹೇಳಿದ ಪ್ರಕಾರ, ಆ ಅಂಕಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳ ಹೆಸರುಗಳಿವೆ.